ಜಾಕ್ಸನ್ ಹೈಟ್ಸ್‌ನ ನಮ್ಮ ಟೈಲರ್ ಅಂಗಡಿ ಉಳಿಸೋಕೆ ಏನು ಮಾಡಬಹುದು?

ಏಳನೇ_ಟ್ರೇನ್:
ನ್ಯೂಯಾರ್ಕ್ ಕಡೆಯವರು ಸ್ವಲ್ಪ ದಾರಿ ಹೇಳಿ. 8 ವರ್ಷದಿಂದ ನಾನು ಬ್ಲೌಸ್ ಹೊಲಿಸೋದು ಜಾಕ್ಸನ್ ಹೈಟ್ಸ್‌ನ ಒಂದು ಪುಟ್ಟ ಅಂಗಡೀಲಿ. ಬಾಂಗ್ಲಾದೇಶದ ಗಂಡ ಹೆಂಡತಿ. ಎರಡು ಮಷೀನು, ಒಂದು ಇಸ್ತ್ರಿ ಪೆಟ್ಟಿಗೆ, ಟ್ರಯಲ್ ರೂಮ್ ಅಂದ್ರೆ ಒಂದು ಪರದೆ. ಟೇಪು ಹಿಡಿಯೋದೂ ಬೇಡ, ನನ್ನ ನೋಡಿನೇ "ಅರ್ಧ ಇಂಚು ಬಿಡಿಸ್ಲಾ?" ಅಂತ ಭಾಭಿ ನಗ್ತಾರೆ.

ಮಾರ್ಚ್‌ಗೆ ಲೀಸ್ ಮುಗೀತಿದೆ. ಬಾಡಿಗೆ 4,200 ಡಾಲರ್ ಇದ್ದಿದ್ದು 5,600 ಅಂತೆ. 19 ಪುಟದ ಇಂಗ್ಲಿಷ್ ಲೀಸು. ಹತ್ತನೇ ಕ್ಲಾಸಿನ ಮಗ ಕೌಂಟರ್ ಮೇಲೆ ಹರಡ್ಕೊಂಡು ಅಪ್ಪನಿಗೆ ಬಂಗಾಳಿಯಲ್ಲಿ ಓದಿ ಹೇಳ್ತಿದ್ದ, ಅರ್ಧ ಪದ ಅವನಿಗೇ ಗೊತ್ತಿಲ್ಲ. ನಾನು 500 ಡಾಲರ್ ಕವರ್‌ನಲ್ಲಿ ಹಾಕಿ ಕೊಟ್ಟೆ. ಭಾಭಿ ಅದನ್ನ ನನ್ನ ಬ್ಯಾಗಿಗೇ ವಾಪಸ್ ತುರುಕಿ, "ಸೀರೆಗೆ ಫಾಲ್ ಹಾಕಿಸ್ಬೇಕಿದ್ರೆ ತಗೊಂಡ್ ಬಾ" ಅಂದ್ರು. ಮುಖ ಎಲ್ಲಿಡ್ಲಿ ಗೊತ್ತಾಗ್ಲಿಲ್ಲ. ಆನ್‌ಲೈನ್‌ನಲ್ಲಿ ಚಂದಾ ಎತ್ತೋಣ ಅಂದ್ರೆ ನಮ್ಮೆಜಮಾನ್ರು, "ಒಂದು ತಿಂಗಳ ಬಾಡಿಗೆ ಆಗುತ್ತೆ, ಆಮೇಲೆ?" ಅಂತಾರೆ.

ಲೆಕ್ಕದ_ಪುಸ್ತಕ:
ಮೊದಲು ಸಹಿ ಹಾಕ್ಬೇಡಿ ಅಂತ ಹೇಳಿ. ಮನೆ ಬಾಡಿಗೆಗೆ ಇರೋ ಮಿತಿ ಅಂಗಡಿಗಿಲ್ಲ. ಈ ಊರಲ್ಲಿ ಅಂಗಡಿ ಬಾಡಿಗೆ ನಿಯಂತ್ರಣ 1945ರಲ್ಲಿ ಬಂದಿತ್ತು, 1963ಕ್ಕೆ ಮುಗೀತು. ಹಾಗಾಗಿ ಎಲ್ಲಾ ಚೌಕಾಶಿ ಮೇಲೇ ನಿಂತಿರೋದು. ಆ 19 ಪುಟದಲ್ಲಿ ಎರಡು ಹುಡುಕಿ: ಅಂಗಡಿ ಮುಚ್ಚಿದ್ರೂ ಬಾಕಿಗೆ ಅವರೇ ಸ್ವಂತ ಹೊಣೆ ಅಂತ ಇದೆಯಾ, ಕಟ್ಟಡದ ತೆರಿಗೆ ಏರಿದ್ರೆ ಯಾರು ಕಟ್ಟಬೇಕು. ಬಾಡಿಗೆಗಿಂತ ಅದೇ ಜಾಸ್ತಿ ಕಚ್ಚೋದು.

ನಗರದ ಸಹಾಯವಾಣಿ 311ಕ್ಕೆ ಫೋನ್ ಮಾಡಿ, ಸಣ್ಣ ವ್ಯಾಪಾರಿಗಳಿಗೆ ಲೀಸ್ ವಿಷಯದಲ್ಲಿ ವಕೀಲರ ಸಹಾಯ ಸಿಗುತ್ತಾ ಕೇಳಿ. ಜಾಕ್ಸನ್ ಹೈಟ್ಸ್ ಇರೋ ಕ್ವೀನ್ಸ್‌ನಲ್ಲೇ ಛಾಯಾ ಅಂತ ಸಂಸ್ಥೆ ಇದೆ, 2000ದಿಂದ ದಕ್ಷಿಣ ಏಷ್ಯಾದವರ ನಡುವೆ ಕೆಲಸ ಮಾಡ್ತಿದೆ. ಮೊದಲು ಅಲ್ಲಿ ವಿಚಾರಿಸಿ. ಆ ಹುಡುಗನ್ನ ಮಾತ್ರ ದುಭಾಷಿ ಮಾಡ್ಬೇಡಿ. ಅವನು ತಪ್ಪಾಗಿ ಹೇಳಿದ ಒಂದು ಸಾಲನ್ನ ಅಪ್ಪ 10 ವರ್ಷ ಹೊರಬೇಕಾಗುತ್ತೆ.

ಚೀಟಿ_ಗುಂಪು:
ಅವರು ದಾನ ತಗೊಳ್ಳಲ್ಲ, ಸಾಲ ಆದ್ರೆ ತಗೊಳ್ಳಬಹುದು. ನಮ್ಮ ಚೀಟಿ ಥರಾನೇ ಕೊರಿಯನ್ನರಿಗೆ 'ಕ್ಯೇ', ಚೀನೀಯರಿಗೆ 'ಹುಯಿ' ಇದೆ. ಬ್ಯಾಂಕು ಬಾಗಿಲು ಹಾಕಿದಾಗ ಎಷ್ಟೋ ಲಾಂಡ್ರಿ, ತರಕಾರಿ ಅಂಗಡಿ ಎದ್ದಿದ್ದು ಅದರಲ್ಲೇ. ಕೀವಾ ಅಂತ ಆನ್‌ಲೈನ್‌ನಲ್ಲಿ ಸಾಲ ಕೊಡಿಸೋ ಸಂಸ್ಥೆ ಇದೆ, ಅಮೆರಿಕದ ಸಣ್ಣ ವ್ಯಾಪಾರಿಗಳಿಗೆ 15,000 ಡಾಲರ್‌ವರೆಗೆ ಬಡ್ಡಿ ಇಲ್ಲದ ಸಾಲ. ಜನ 25 ಡಾಲರ್‌ನಂತೆ ಸೇರಿಸ್ತಾರೆ. ಆದ್ರೆ ಸಾಲದ ಕೋರಿಕೆ ಅಲ್ಲಿ ಎಲ್ಲರಿಗೂ ಕಾಣೋ ಮೊದಲು ಪರಿಚಯದವರು ಕೆಲವರು ಹಾಕಬೇಕು. ನಿಮ್ಮ ಕವರ್‌ಗೆ ಅದೇ ಜಾಗ. ಇನ್ನೊಂದು ಮಷೀನಿಗಾದ್ರೆ ಸರಿ, ಬಾಡಿಗೆ ಕಟ್ಟೋಕೆ ಮಾತ್ರ ಸಾಲ ಬೇಡ.

ಖಾರದ_ಪುಡಿ:
ಒಂದ್ಮಾತು, ಬೇಜಾರ್ ಮಾಡ್ಕೋಬೇಡಿ. ಹಬ್ಬ ಬಂದ್ರೆ ನಮ್ಮ ಹೆಂಗಸರ ವಾಟ್ಸಾಪ್ ಗ್ರೂಪಿಂದ 40 ಬ್ಲೌಸ್ ಪೀಸು ಒಂದೇ ಸೂಟ್‌ಕೇಸಲ್ಲಿ ಬೆಂಗಳೂರಿಗೆ ಹೋಗುತ್ತೆ. ಹೊಲಿಗೆ ಅಗ್ಗ ಅಂತ. ಆಮೇಲೆ ಇಲ್ಲಿ ಕೂತು "ಅಯ್ಯೋ ಪಾಪ, ಅಂಗಡಿ ಮುಚ್ಚುತ್ತೆ"!

ಏಳನೇ_ಟ್ರೇನ್:
ಖಾರದ ಪುಡಿಯವರೇ, ಆ 40ರಲ್ಲಿ ನನ್ನವೂ ಎರಡಿದ್ವು. ಈ ಸಲ ಗ್ರೂಪಿಂದ 11 ಪೀಸು ಭಾಭಿಗೆ ಕೊಟ್ಟಿದ್ದೀನಿ, ರೇಟು ಕೇಳ್ಲಿಲ್ಲ.

ಸಹಿ ಹಾಕಿಲ್ಲ. ಲೀಸ್ ತೋರಿಸೋಕೆ ಗುರುವಾರ ಬೆಳಿಗ್ಗೆ ಟೈಮ್ ಸಿಕ್ಕಿದೆ, ಬಂಗಾಳಿ ಬಲ್ಲವರೂ ಇರ್ತಾರಂತೆ. ಇಷ್ಟು ದಿನ ಹೋಗದೆ ಇದ್ದಿದ್ದಕ್ಕೆ ಕಾರಣ ಕೇಳಿದ್ರೆ, ಇಬ್ಬರೂ ಹೋದ್ರೆ ಅರ್ಧ ದಿನ ಅಂಗಡಿ ಮುಚ್ಚಬೇಕಲ್ಲ ಅಂತ. ಗುರುವಾರ ನಾನೇ ಕೂರ್ತೀನಿ. ಹೊಲಿಯೋಕೆ ಬರಲ್ಲ, ರಸೀದಿ ಬರೆದು ಬಟ್ಟೆ ಇಸ್ಕೊಳ್ತೀನಿ.