ಬಸುರಿಗೆ ನಮ್ಮ ಕೆರೆ ಮೀನು ಕೊಡಬಹುದಾ? ಗೊತ್ತಿರುವವರು ಹೇಳಿ

ನಮ್ಮದು ಕೋಲಾರ ತಾಲೂಕಿನ ಹಳ್ಳಿ. ಕೆರೆಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಿಂದ ಶುದ್ಧ ಮಾಡಿ ಬಿಡುವ ಕೊಳಚೆ ನೀರು ಬರುತ್ತದೆ. ತಂಗಿಗೆ ಈಗ ಐದು ತಿಂಗಳು, ತವರಿಗೆ ಬಂದಿದ್ದಾಳೆ. ವಾರಕ್ಕೆ ಮೂರು ಸಲ ಮೀನಿನ ಸಾರು, ಮುದ್ದೆ ಬೇಕು ಅನ್ನುತ್ತಾಳೆ. ಅಮ್ಮ "ಬಯಕೆ, ತಿನ್ನಲಿ ಬಿಡು" ಅನ್ನುತ್ತಾರೆ. ಪಕ್ಕದ ಮನೆಯವರು ಆ ನೀರಿನ ಮೀನು ಮುಟ್ಟಲೇಬೇಡಿ ಅನ್ನುತ್ತಾರೆ. ನೀವೆಲ್ಲ ಏನು ಮಾಡುತ್ತಿದ್ದೀರಿ?

ನರಸಾಪುರ ಕಡೆಯಿಂದ:

ಅಕ್ಕಾ, ನನ್ನ ಮಗು ಹೊಟ್ಟೆಯಲ್ಲಿದ್ದಾಗ ನನಗೂ ಇದೇ ಭಯ ಇತ್ತು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂದಾಗ ಊರವರೆಲ್ಲ ನೋಡಲು ಹೋಗಿದ್ದೆವು. ಒಣಗಿದ್ದ ಕೆರೆಯಲ್ಲಿ ನೀರು ಕಂಡ ಖುಷಿ ಸುಳ್ಳಲ್ಲ. ಮುಂದಿನ ತಿಂಗಳೇ ನೊರೆ ಕಂಡಾಗ ಆದ ಗಾಬರಿಯೂ ಸುಳ್ಳಲ್ಲ. ಅದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಬಿಡುವ ನೀರು. ಅಂತರ್ಜಲ ಏರಲಿ ಅಂತ ತಂದಿದ್ದು.

ನಾನು ಮೀನು ಪೂರ್ತಿ ಬಿಟ್ಟಿದ್ದೆ. ಡಾಕ್ಟರಮ್ಮ ಹಾಗೆ ಪೂರ್ತಿ ಬಿಡಬೇಡ ಅಂದರು. ಮಗುವಿನ ಮಿದುಳು ಬೆಳೆಯಲು ಮೀನಿನ ಕೊಬ್ಬು ಒಳ್ಳೆಯದಂತೆ. ಯಾವ ಮೀನು, ಎಷ್ಟು, ಎಲ್ಲಿಂದ ಬಂದಿದ್ದು, ಇಷ್ಟು ನೋಡಿಕೊಳ್ಳಿ ಅಂದರು.

ಅವರು ಹೇಳಿದ್ದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಪಾದರಸದ ವಿಷಯ. ನೀರಿನಡಿಯ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ. ಅದು ಪಾಚಿಗೆ, ಹುಳಕ್ಕೆ, ಸಣ್ಣ ಮೀನಿಗೆ, ಆಮೇಲೆ ಸಣ್ಣದನ್ನು ತಿನ್ನುವ ದೊಡ್ಡ ಮೀನಿಗೆ ಸೇರುತ್ತಾ ಹೋಗುತ್ತದೆ. ಪ್ರತಿ ಮೆಟ್ಟಿಲಲ್ಲೂ ಜಾಸ್ತಿಯಾಗುತ್ತದೆ. ಅದು ಇರುವುದು ಮಾಂಸದಲ್ಲೇ. ಹಾಗಾಗಿ ಉಪ್ಪು, ಅರಿಶಿನ, ಹುಣಸೆಹಣ್ಣು ಹಾಕಿ ಎಷ್ಟು ಉಜ್ಜಿ ತೊಳೆದರೂ ಹೋಗುವುದಿಲ್ಲ. ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯುತ್ತವೆ, ಲೋಹ ಎಲ್ಲಿಗೆ ಹೋಗುತ್ತದೆ?

ಜಪಾನಿನ ಮಿನಮಾಟಾದಲ್ಲಿ ಒಂದು ಕಾರ್ಖಾನೆ ಪಾದರಸದ ನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. 1956ರಲ್ಲಿ ಕಾಯಿಲೆ ಬಯಲಿಗೆ ಬಂತು. ಕೆಲವು ತಾಯಂದಿರು ಆರೋಗ್ಯವಾಗಿಯೇ ಕಾಣುತ್ತಿದ್ದರು, ಹುಟ್ಟಿದ ಮಕ್ಕಳ ನರಗಳಿಗೆ ಪೆಟ್ಟು ಬಿದ್ದಿತ್ತು. ನಮ್ಮ ಕೆರೆ ಹಾಗಿದೆ ಅಂತ ಹೇಳುತ್ತಿಲ್ಲ ಅಕ್ಕಾ. ಬಸುರಿಯ ವಿಷಯದಲ್ಲಿ ಯಾಕೆ ಇಷ್ಟು ಹುಷಾರು ಅಂತ ತಿಳಿಯಲಿ ಅಂತ ಬರೆದೆ.

ಅಳತೆ ಹೇಗೆ ಅಂದರೆ, ಅಮೆರಿಕದ ಆಹಾರ ಇಲಾಖೆಯವರು ಬಸುರಿಯರಿಗೆ ಪಾದರಸ ಕಡಿಮೆ ಇರುವ ಮೀನನ್ನು ವಾರಕ್ಕೆ 225ರಿಂದ 340 ಗ್ರಾಂ ತಿನ್ನಲು ಹೇಳುತ್ತಾರೆ. ಆದರೆ ಸ್ಥಳೀಯ ಕೆರೆ, ಹೊಳೆಯ ಮೀನು ಪರೀಕ್ಷೆ ಆಗಿಲ್ಲದಿದ್ದರೆ ವಾರಕ್ಕೆ ಒಂದೇ ಸಲ, ಸುಮಾರು 115 ಗ್ರಾಂ. ಆ ವಾರ ಬೇರೆ ಮೀನು ಇಲ್ಲ. ಅಂಗೈಯಗಲದ ಒಂದು ತುಂಡು ಅಂದುಕೊಳ್ಳಿ. ನಾನು ಅಷ್ಟೂ ತಿನ್ನಲಿಲ್ಲ. ಕೆರೆ ಮೀನು ಬಿಟ್ಟು ಸಂತೆಯಲ್ಲಿ ಬೂತಾಯಿ, ಬಂಗುಡೆ ತರಿಸಿದೆ. ಅವು ಸಣ್ಣ ಮೀನು, ಪಾದರಸ ಕಡಿಮೆ, ಒಳ್ಳೆಯ ಕೊಬ್ಬೂ ಇದೆ.

ಚಿಂತಾಮಣಿ ಕಡೆಯಿಂದ:

ನಾವು ಕೆರೆ ಗುತ್ತಿಗೆ ಹಿಡಿದು ಮೀನುಮರಿ ಬಿಡುವವರು. ಎಲ್ಲ ಕೆರೆ ಮೀನೂ ಒಂದೇ ಅಲ್ಲಮ್ಮಾ. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ಮೇಯುತ್ತದೆ, ರೋಹು ನಡುವೆ. ಮೃಗಾಲ್, ಗೆಂಡೆ ತಳದ ಕೆಸರು ಕೆದಕುತ್ತವೆ, ಲೋಹ ಕೂರುವುದೂ ಅಲ್ಲೇ. ಕೊರಮೀನು ಬೇರೆ ಮೀನು ತಿಂದು ಬೆಳೆಯುತ್ತದೆ. ನನ್ನ ಸೊಸೆಗೆ ಒಂದು ಕಿಲೋ ಒಳಗಿನ ಕಾಟ್ಲಾ ಮಾತ್ರ ಕೊಟ್ಟೆ, ಅದೂ ಮಳೆ ನೀರಿನ ಕೆರೆಯದು. ಆಫ್ರಿಕನ್ ಕ್ಯಾಟ್‌ಫಿಶ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ. ಅದನ್ನು ಸಾಕುವುದಕ್ಕೇ ನಮ್ಮ ದೇಶದಲ್ಲಿ ನಿಷೇಧ ಇದೆ, ಎಂಥ ಕೊಳಕು ನೀರಲ್ಲೂ ಬದುಕುತ್ತದೆ. ಮಾರುವವರನ್ನು ಯಾವ ಕೆರೆ ಅಂತ ಕೇಳಿ. ಹೇಳದಿದ್ದರೆ ಬಿಟ್ಟು ಬನ್ನಿ.

ಬಂಗಾರಪೇಟೆಯಿಂದ:

ಕೆ.ಜಿ.ಎಫ್. ಕಡೆಯವರಿಗೆ ಒಂದು ಮಾತು. ಚಿನ್ನದ ಗಣಿ 2001ರಲ್ಲೇ ಮುಚ್ಚಿತು, ಚಿನ್ನ ತೆಗೆದು ಬಿಟ್ಟ ಮಣ್ಣಿನ ಸಯನೈಡ್ ದಿಬ್ಬಗಳು ಹಾಗೇ ನಿಂತಿವೆ. ಮಳೆಗಾಲದಲ್ಲಿ ಅಲ್ಲಿಂದ ಹರಿದು ಬಂದು ನಿಲ್ಲುವ ನೀರಲ್ಲಿ ಹುಡುಗರು ಗಾಳ ಹಾಕುವುದನ್ನು ಕಂಡಿದ್ದೇನೆ. ದಯವಿಟ್ಟು ಬೇಡ ಅನ್ನಿ. ಆ ಮೀನು ಮನೆಗೆ ಬಂದರೆ ಚಿಕ್ಕ ಮಕ್ಕಳ ತಟ್ಟೆಗೂ ಬರುತ್ತದೆ.

ಕೇಳಿದವರು ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಒಪ್ಪಿದರು, ಆದರೆ ಕಾಟ್ಲಾ ತಲೆ ಸಾರು ಮಾತ್ರ ಬಿಡುವುದಿಲ್ಲವಂತೆ. ತಲೆ ಹಾಕಬಹುದಾ?

ನರಸಾಪುರ ಕಡೆಯಿಂದ:

ತಂಗಿಗೆ ಈಗ ಬೇಡ ಅಕ್ಕಾ. ಸೀಸ, ಕ್ಯಾಡ್ಮಿಯಂ ಥರದ ಲೋಹ ಮಾಂಸಕ್ಕಿಂತ ಕಿವಿರು, ಲಿವರ್, ಕಿಡ್ನಿಯಲ್ಲಿ ಜಾಸ್ತಿ ಕೂರುತ್ತದೆ. ಕಾರ್ಖಾನೆಯ ಕೆಲವು ರಾಸಾಯನಿಕಗಳು ಕೊಬ್ಬಿನಲ್ಲಿ ಸೇರುತ್ತವೆ. ಅದಕ್ಕೆ ಮನೆಯವರಿಗೆಲ್ಲ ಮಾಡುವಾಗಲೂ ಕಿವಿರು, ಕರುಳು, ಲಿವರ್ ಪೂರ್ತಿ ತೆಗೆಯಿರಿ. ಚರ್ಮ ಸುಲಿದು ಹೊಟ್ಟೆಯ ಕೊಬ್ಬು ಕೊಯ್ದು ಬಿಸಾಡಿ. ಇದರಿಂದ ಪಾದರಸ ಹೋಗುವುದಿಲ್ಲ, ಮಿಕ್ಕಿದ್ದು ಕಡಿಮೆಯಾಗುತ್ತದೆ. ನಿಮ್ಮ ತಂಗಿ ಇಷ್ಟು ದಿನ ತಿಂದಿದ್ದಕ್ಕೆ ಹೆದರಿಸಬೇಡಿ. ಮುಂದಿನ ತಪಾಸಣೆಗೆ ಹೋದಾಗ ಯಾವ ಕೆರೆಯದು, ವಾರಕ್ಕೆ ಎಷ್ಟು ಸಲ ತಿಂದಳು ಅಂತ ಡಾಕ್ಟರಿಗೆ ಹೇಳಿ. ಈ ಭಾನುವಾರ ಸಂತೆಯಲ್ಲಿ ಬಂಗುಡೆ ಸಿಕ್ಕರೆ ಅದರಲ್ಲೇ ಸಾರು ಮಾಡಿಕೊಡಿ.