ಅರಿಶಿನ ಕಾಗದ ಅಡುಗೆ ಸೋಡಾಕ್ಕೆ ಕೆಂಪಾಗ್ತಿಲ್ಲ, ಯಾಕೆ?

ಸೀಮೆಸುಣ್ಣ:
ಆಮ್ಲ-ಪ್ರತ್ಯಾಮ್ಲ ಪಾಠಕ್ಕೆ ಅರಿಶಿನ ಪುಡಿ ನೀರಲ್ಲಿ ಕದಡಿ, ಝೆರಾಕ್ಸ್ ಹಾಳೆಗೆ ಸವರಿ, ಬಿಸಿಲಲ್ಲಿ ಒಣಗಿಸಿದ್ದು. ಬಟ್ಟೆ ಸೋಪಿಗೆ ಕೆಂಪಾಗುತ್ತೆ. ಅಡುಗೆ ಸೋಡಾ ನೀರಿಗೆ ಹಳದಿಯೇ, ಹೆಚ್ಚೆಂದರೆ ತುಸು ಕಂದು. ಸೋಡಾ ಹಳೇದಾ? ನಿಂಬೆರಸಕ್ಕೂ ಬರೀ ನೀರಿಗೂ ವ್ಯತ್ಯಾಸವೇ ಕಾಣಲ್ಲ.

ಬ್ಯೂರೆಟ್:
ಸೋಡಾ ಸರಿಯಾಗೇ ಇದೆ. ಅದರ ದ್ರಾವಣದ ಪಿಎಚ್ (ಆಮ್ಲ-ಪ್ರತ್ಯಾಮ್ಲದ ಅಳತೆ; 7 ಅಂದರೆ ತಟಸ್ಥ, ಮೇಲೇರಿದಷ್ಟೂ ಪ್ರತ್ಯಾಮ್ಲ) ಸುಮಾರು 8.3. ಅರಿಶಿನದ ಬಣ್ಣ ತಿರುಗೋದು ಹೆಚ್ಚುಕಡಿಮೆ 7.5ರಿಂದ 9ರೊಳಗೆ, ಹಾಗಾಗಿ ನಿಮಗೆ ಕಂಡದ್ದು ನಡುದಾರಿಯ ಬಣ್ಣ. ಸೋಪಿನ ನೀರು 9–10, ಸುಣ್ಣದ ತಿಳಿ 12ರ ಮೇಲೆ. ಅದಕ್ಕೇ ಅಲ್ಲಿ ಕೆಂಪು.

ಇದನ್ನೇ ಪಾಠ ಮಾಡಿ. 10 ಗ್ರಾಂ ಸೋಡಾ ಒಣ ಸ್ಟೀಲ್ ಬಾಣಲೆಗೆ ಹಾಕಿ ಹದ ಉರಿಯಲ್ಲಿ ಕೈಯಾಡಿಸಿ. ಒಳಗಿಂದ ಅನಿಲ ಏಳುವಾಗ ಪುಡಿ ನೀರಿನ ಹಾಗೆ ಹರಿದಾಡುತ್ತೆ, ಅದು ನಿಂತ ಮೇಲೆ ಇಳಿಸಿ ಆರಿಸಿ. ಪೂರ್ತಿ ಆಗಿದ್ದರೆ ತೂಕ 6.3 ಗ್ರಾಂಗೆ ಇಳಿದಿರುತ್ತೆ (168 ಭಾಗಕ್ಕೆ 106), ಮಿಕ್ಕಿದ್ದು ಹಬೆ ಮತ್ತು ಇಂಗಾಲದ ಡೈಆಕ್ಸೈಡ್. ಉಳಿದಿದ್ದು ವಾಷಿಂಗ್ ಸೋಡಾ. ಚಿಟಿಕೆಯಷ್ಟನ್ನು ಅರ್ಧ ಲೋಟ ನೀರಿಗೆ ಹಾಕಿ ಕಾಗದ ಅದ್ದಿ, ತಕ್ಷಣ ಕೆಂಪು. ಅಲ್ಯೂಮಿನಿಯಂ ಪಾತ್ರೆ ಬೇಡ, ವಾಷಿಂಗ್ ಸೋಡಾ ಅದನ್ನು ತಿನ್ನುತ್ತೆ.

ಆಮ್ಲದಲ್ಲೂ ತಟಸ್ಥದಲ್ಲೂ ಅರಿಶಿನ ಹಳದಿಯೇ. ನಿಂಬೆರಸ ತೋರಿಸೋಕೆ ಕೆಂಪು ದಾಸವಾಳ ಬೇಕು: ನಾಲ್ಕೈದು ಹೂವಿನ ಎಸಳು ಒಂದು ಲೋಟ ಬಿಸಿನೀರಲ್ಲಿ ನೆನೆಸಿ ಸೋಸಿ. ಆಮ್ಲಕ್ಕೆ ಕಡುಗುಲಾಬಿ, ಸೋಡಾಕ್ಕೆ ಹಸಿರು.

ತಿಳಿನೀರು:
ಕಾಗದದಲ್ಲೂ ತಪ್ಪಿದೆ. ಅರಿಶಿನದ ಬಣ್ಣ ನೀರಲ್ಲಿ ಕರಗಲ್ಲ, ಪುಡಿ ಅಂಟಿಕೊಂಡಿರುತ್ತೆ ಅಷ್ಟೆ. ಒಂದು ಚಮಚ ಪುಡಿಗೆ 25 ಮಿ.ಲೀ. ಸರ್ಜಿಕಲ್ ಸ್ಪಿರಿಟ್ ಹಾಕಿ ಹತ್ತು ನಿಮಿಷ ಬಿಡಿ, ಮೇಲಿನ ತಿಳಿಯಲ್ಲಿ ಫಿಲ್ಟರ್ ಪೇಪರ್ ಅದ್ದಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಬಣ್ಣ ಮಾಸುತ್ತೆ. ಸ್ಪಿರಿಟ್ ಹತ್ತಿರ ಒಲೆ ಬೇಡ. ಝೆರಾಕ್ಸ್ ಹಾಳೆಗೆ ಸುಣ್ಣಕಲ್ಲಿನ ಪುಡಿ ತುಂಬಿರುತ್ತೆ, ಪೇಲವ ಆಮ್ಲವನ್ನು ಅದೇ ನುಂಗಿಬಿಡುತ್ತೆ.

ಕಾಡುಕಣಗಿಲೆ:
ಜೊತೆಗೆ ಕುಂಕುಮವನ್ನೂ ಪರೀಕ್ಷೆ ಮಾಡಿಸಿ: ನಿಂಬೆರಸ ಬಿಟ್ಟರೆ ಹಳದಿಗೆ ತಿರುಗೋದು ಅರಿಶಿನದ್ದು, ತಿರುಗದೇ ಇದ್ದರೆ ಕೆಮಿಕಲ್ ಬಣ್ಣ.

ಬ್ಯೂರೆಟ್:
ಇದು ಅರ್ಧ ಮಾತ್ರ ನಿಜ. ಸುಣ್ಣ ಸೇರಿಸಿ ಕೆಂಪು ಮಾಡಿದ್ದಾದರೆ ಹಳದಿಗೆ ತಿರುಗುತ್ತೆ, ಆರತಿಯ ಓಕುಳಿ ನೀರೂ ಹಾಗೇ. ಆದರೆ ಬಿಳಿಗಾರ (ಬೋರಾಕ್ಸ್) ಹಾಕಿ ಮಾಡುವ ಕುಂಕುಮಕ್ಕೆ ನಿಂಬೆರಸವನ್ನೇ ಬೆರೆಸ್ತಾರಲ್ಲ! ಅಲ್ಲಿನ ಕೆಂಪು ಕ್ಷಾರದಿಂದ ಬಂದದ್ದಲ್ಲ. ಬಿಳಿಗಾರದ ಬೋರಾನ್ ಆಮ್ಲದ ಜೊತೆಯಲ್ಲಿ ಅರಿಶಿನದ ಬಣ್ಣಕ್ಕೆ ಕಚ್ಚಿಕೊಂಡು ಆದದ್ದು. ನಿಂಬೆರಸಕ್ಕೆ ಅದು ಬಿಡಲ್ಲ. ಅದನ್ನು ಕಲಬೆರಕೆ ಅಂತ ಮಕ್ಕಳಿಗೆ ಹೇಳಿಕೊಡಬೇಡಿ.

ಸೀಮೆಸುಣ್ಣ:
ಸುಣ್ಣದ ತಿಳಿಗೆ ಎಲೆ-ಅಡಿಕೆ ಸುಣ್ಣ ಆಗುತ್ತಾ?

ತಿಳಿನೀರು:
ಧಾರಾಳ. ಅರ್ಧ ಚಮಚಕ್ಕೆ ಒಂದು ಲೋಟ ನೀರು, ಒಂದು ಗಂಟೆ ಬಿಟ್ಟು ಮೇಲಿನದ್ದು ಬಸಿದುಕೊಳ್ಳಿ. ಮುಚ್ಚಿಡದಿದ್ದರೆ ಗಾಳಿಗೆ ಕೆನೆಗಟ್ಟಿ ಸತ್ವ ಹೋಗುತ್ತೆ. ಅರಳದ ಸುಟ್ಟ ಸುಣ್ಣ ಮಾತ್ರ ತರಗತಿಗೆ ತರಬೇಡಿ, ನೀರು ಬಿದ್ದರೆ ಕುದ್ದು ಸಿಡಿಯುತ್ತೆ.