‘ಹೋಲ್ ನೈನ್ ಯಾರ್ಡ್ಸ್’ ಒಂಬತ್ತು ಗಜದ ಸೀರೆಯಿಂದ ಬಂದಿದ್ದಾ?

ಪ್ರಶ್ನೆ: ಸರ್, ನಮಸ್ತೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ‘ದ ಹೋಲ್ ನೈನ್ ಯಾರ್ಡ್ಸ್’ ಅಂದರೆ ‘ಏನೂ ಬಿಡದೆ ಪೂರ್ತಿ’ ಅಂತ ಹೇಳಿಕೊಟ್ಟೆ. ಒಬ್ಬ ಹುಡುಗಿ ‘ಇದು ನಮ್ಮಜ್ಜಿ ಉಡೋ ಒಂಬತ್ತು ಗಜದ ಸೀರೆಯಿಂದ ಬಂದಿದ್ದಾ ಟೀಚರ್?’ ಅಂತ ಕೇಳಿದಳು. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ಗುಂಡಿನ ಪಟ್ಟಿ ಒಂಬತ್ತು ಗಜ ಇರುತ್ತಿತ್ತು, ಅದೇ ಮೂಲ ಅಂತ ನಾನು ಓದಿದ್ದೆ. ಯಾವುದು ಸರಿ?

ಉತ್ತರ: ಎರಡೂ ಅಲ್ಲ ಮೇಡಂ. ಆದರೆ ಆ ಹುಡುಗಿಯನ್ನು ನನ್ನ ಪರವಾಗಿ ಮೆಚ್ಚಿಕೊಳ್ಳಿ, ತುಂಬಾ ಒಳ್ಳೆಯ ಪ್ರಶ್ನೆ.

ನುಡಿಗಟ್ಟಿನ ಮೂಲ ಹುಡುಕುವಾಗ ನಾವು ಮೊದಲು ನೋಡುವುದು ಇಸವಿ. ಅದು ಅಚ್ಚಿನಲ್ಲಿ ಮೊದಲು ಕಂಡದ್ದು ಯಾವಾಗ, ಎಲ್ಲಿ? ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ಸಣ್ಣ ಊರಿನ ಪತ್ರಿಕೆಯಲ್ಲಿ, 1907ರಲ್ಲೇ, ‘ಫುಲ್ ನೈನ್ ಯಾರ್ಡ್ಸ್’ ಅಂತ ಬಂದಿದೆ. ಅದೂ ಬೇಸ್‌ಬಾಲ್ ಆಟದ ಸುದ್ದಿಯಲ್ಲಿ. ಅಲ್ಲಿಗೆ ಯುದ್ಧವಿಮಾನದ ಕಥೆ ಮುಗಿಯಿತು. ಇನ್ನೂ ಸ್ವಾರಸ್ಯ ಏನೆಂದರೆ, 1912ರ ಕೆಂಟಕಿಯ ಪತ್ರಿಕೆಯಲ್ಲಿ ‘ಹೋಲ್ ಸಿಕ್ಸ್ ಯಾರ್ಡ್ಸ್’ ಅಂತಿದೆ. ಒಂಬತ್ತು ಅಲ್ಲ, ಆರು! ಅಂದರೆ ಜನ ಯಾವುದೋ ಒಂದು ವಸ್ತುವನ್ನು ಅಳೆದು ಈ ಮಾತು ಹುಟ್ಟಿಸಿದ್ದಲ್ಲ. ಸಂಖ್ಯೆ ಸುಮ್ನೆ ಬಾಯಿಗೆ ಬಂದಂತೆ ಬದಲಾಗುತ್ತಿತ್ತು. ನಮ್ಮ ಹದಿನೆಂಟು ಮೊಳದ ಸೀರೆ ಆ ಊರುಗಳ ಜನರ ಮಾತಿಗೆ ಹೋಗಿತ್ತು ಅನ್ನಲು ಒಂದು ಸಾಲಿನ ಆಧಾರವೂ ಇಲ್ಲ.

ಪ್ರಶ್ನೆ: ಸರ್‌, ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂದಿದೆ. ಹಳೇ ಇಂಗ್ಲೆಂಡಿನಲ್ಲಿ ನಾಯಿ, ಬೆಕ್ಕು ಹುಲ್ಲಿನ ಮಾಡಿನಲ್ಲಿ ಮಲಗುತ್ತಿದ್ದವಂತೆ, ಮಳೆ ಬಂದರೆ ಜಾರಿ ಬೀಳುತ್ತಿದ್ದವಂತೆ. ಅದಕ್ಕೇ ಜೋರು ಮಳೆಗೆ ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಅಂತೆ. ನಿಜಾನಾ?

ಉತ್ತರ: ಇಲ್ಲ. 1999ರ ಸುಮಾರಿಗೆ ಇಮೇಲ್‌ನಲ್ಲಿ ಹರಡಿದ ಕಟ್ಟುಕಥೆ ಅದು. ಹುಲ್ಲಿನ ಮನೆ ನೋಡಿದವರಿಗೆ ಗೊತ್ತು, ಆ ಇಳಿಜಾರು ಮಾಡಿನ ಮೇಲೆ ನಾಯಿ ಹತ್ತಿ ಮಲಗುತ್ತದಾ? 1651ರಲ್ಲಿ ಕವಿ ಹೆನ್ರಿ ವಾನ್ ನಾಯಿ ಬೆಕ್ಕುಗಳ ಮಳೆಯ ಮಾತು ಬರೆದಿದ್ದಾನೆ. ಈಗಿನ ರೂಪದಲ್ಲಿ ಜೊನಾಥನ್ ಸ್ವಿಫ್ಟ್ 1738ರಲ್ಲಿ ಬಳಸಿದ. ಅದಕ್ಕೂ ಹಿಂದಿನ ಮೂಲ ಇನ್ನೂ ಸಿಕ್ಕಿಲ್ಲ.

ಪ್ರಶ್ನೆ: ಹಾಗಾದರೆ ನಿಜವಾದ ಕಥೆ ಇರುವ ಒಂದಾದರೂ ಹೇಳಿ ಸರ್. ಮಕ್ಕಳಿಗೆ ಬರೀ ‘ಸುಳ್ಳು, ಸುಳ್ಳು’ ಅಂದರೆ ಬೇಜಾರಾಗುತ್ತೆ.

ಉತ್ತರ: ಖಂಡಿತ. ‘ರೀಡ್ ದ ರಯಟ್ ಆ್ಯಕ್ಟ್’ ಹೇಳಿಕೊಡಿ. ನನಗೆ ಬಹಳ ಇಷ್ಟವಾದದ್ದು. ಇದರ ಮೂಲ ಒಂದು ಕಾನೂನು.

ಒಂದನೇ ಜಾರ್ಜ್ ಆಗಷ್ಟೇ ಬ್ರಿಟನ್ನಿನ ರಾಜನಾಗಿದ್ದ. ಊರೂರಲ್ಲಿ ಗಲಭೆ. ಆಗ ಬಂದ ರಯಟ್ ಆ್ಯಕ್ಟ್ 1715ರ ಆಗಸ್ಟ್ 1ರಿಂದ ಜಾರಿಯಾಯಿತು. ಹನ್ನೆರಡು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ ಗಲಾಟೆ ಮಾಡಿದರೆ ಮ್ಯಾಜಿಸ್ಟ್ರೇಟ್ ಗುಂಪಿನ ಎದುರು ನಿಂತು, ರಾಜನ ಹೆಸರಿನಲ್ಲಿ ‘ಚದುರಿ, ಮನೆಗೆ ಹೋಗಿ’ ಅನ್ನುವ ಆಜ್ಞೆಯನ್ನು ಗಟ್ಟಿಯಾಗಿ ಓದಬೇಕಿತ್ತು. ಅದರ ಕೊನೆಯ ಮಾತು ‘ಗಾಡ್ ಸೇವ್ ದ ಕಿಂಗ್’. ಓದಿ ಒಂದು ಗಂಟೆಯಾದರೂ ಕದಲದಿದ್ದರೆ ಮರಣದಂಡನೆ! ಗುಂಪು ಚದುರಿಸುವಾಗ ಯಾರಾದರೂ ಸತ್ತರೆ ಚದುರಿಸಿದವರ ಮೇಲೆ ಕೇಸಿಲ್ಲ. 1819ರಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸಭೆ ಸೇರಿದ್ದ ಜನರ ಮೇಲೆ ಕುದುರೆ ಸವಾರ ಸೈನಿಕರು ನುಗ್ಗಿದರು, ಇದನ್ನೇ ಪೀಟರ್ಲೂ ಹತ್ಯಾಕಾಂಡ ಅನ್ನುತ್ತಾರೆ. ಅಲ್ಲಿ ಈ ಆಜ್ಞೆ ಓದಿದ್ದು ಹೌದಾ, ಓದಿದ್ದರೂ ಜನರಿಗೆ ಕೇಳಿಸಿತಾ ಅನ್ನುವುದೇ ಆಮೇಲೆ ದೊಡ್ಡ ಜಗಳವಾಯಿತು.

ಈಗ ಆ ಕಾನೂನು ಇಲ್ಲ, ಮಾತು ಉಳಿದಿದೆ. ‘ಇದೇ ಕೊನೆ, ಇನ್ನು ಸುಮ್ಮನಿರಲ್ಲ’ ಅಂತ ಖಾರವಾಗಿ ಎಚ್ಚರಿಸುವುದು ಇದರ ಅರ್ಥ. ನಮ್ಮ ‘ಚಳಿ ಬಿಡಿಸು’ ಹತ್ತಿರ ಬರುತ್ತದೆ. ಆದರೆ ರಯಟ್ ಆ್ಯಕ್ಟಿನಲ್ಲಿ ಬೈಗುಳದ ಜೊತೆ ‘ತಿದ್ದಿಕೊಳ್ಳದಿದ್ದರೆ ನೋಡಿ’ ಅನ್ನುವುದೂ ಇದೆ. ಸುಮ್ನೆ ಸಿಟ್ಟಿಗೆ ಬೈದದ್ದಕ್ಕೆಲ್ಲ ಬಳಸಬೇಡಿ ಅಂತ ಮಕ್ಕಳಿಗೆ ಹೇಳಿ.

ಪ್ರಶ್ನೆ: ಕೊನೇದೊಂದು. ‘ಸೇವ್ಡ್ ಬೈ ದ ಬೆಲ್’ ಅಂದರೆ ಬದುಕಿದ್ದವರನ್ನು ತಪ್ಪಾಗಿ ಹೂತರೆ ಬಾರಿಸಲಿ ಅಂತ ಶವಪೆಟ್ಟಿಗೆಗೆ ಗಂಟೆ ಕಟ್ಟುತ್ತಿದ್ದರು ಅನ್ನೋದು ನಿಜಾನಾ?

ಉತ್ತರ: ಅಂಥ ಪೆಟ್ಟಿಗೆಗಳನ್ನು ಕೆಲವರು ತಯಾರಿಸಿದ್ದು ನಿಜ. ಆದರೆ ಈ ಮಾತು ಬಂದದ್ದು ಬಾಕ್ಸಿಂಗ್‌ನಿಂದ. ಇನ್ನೇನು ಸೋತೇಬಿಟ್ಟ ಅನ್ನುವಾಗ ರೌಂಡ್ ಮುಗಿದ ಗಂಟೆ ಹೊಡೆದು ಆಟಗಾರ ಬಚಾವಾಗುತ್ತಿದ್ದ, ಅಷ್ಟೇ.